ಕಟ್ಟುವ ಮೊದಲೇ ಮನೆಯೊಳಗೆ ಓಡಾಡಿದೆವು: ಮೈಸೂರಿನಲ್ಲಿ ಬಿಮ್ ಪ್ಲಾನ್ ಮಾಡಿಸಿದ ಅನುಭವ

ಬೋಗಾದಿ ಕಡೆ ನಮ್ಮದೊಂದು 30×40 ಸೈಟ್ ಇದೆ. ಮನೆ ಕಟ್ಟಿಸಲು ಮೈಸೂರಿನದೇ ಒಂದು ಸಣ್ಣ ಆಫೀಸಿನಲ್ಲಿ ಬಿಮ್ (ಬಿಲ್ಡಿಂಗ್ ಇನ್ಫರ್ಮೇಷನ್ ಮಾಡೆಲಿಂಗ್) ಮಾಡೆಲ್ ಮಾಡಿಸಿದೆವು, ಅಂದರೆ ಇಡೀ ಮನೆಯನ್ನು ವಿವರಗಳ ಸಮೇತ ಮೊದಲು ಕಂಪ್ಯೂಟರಿನಲ್ಲೇ ಕಟ್ಟಿ ನೋಡುವುದು. ಬರೀ ತ್ರೀಡಿ ಚಿತ್ರ ಅಂದುಕೊಂಡಿದ್ದೆ, ಅಲ್ಲ. ಇದರಲ್ಲಿ ಗೋಡೆ ಅಂದರೆ ಗೆರೆಯಲ್ಲ. ದಪ್ಪ, ಇಟ್ಟಿಗೆ, ಗಾರೆ ಎಲ್ಲದರ ಲೆಕ್ಕ ಅದರೊಳಗೇ ಇರುತ್ತದೆ, ಒಂದು ಕಿಟಕಿ ಸರಿಸಿದರೆ ಪ್ಲಾನ್, ಎಲಿವೇಷನ್, ಸಾಮಾನಿನ ಪಟ್ಟಿ ಎಲ್ಲಾ ತಾನಾಗೇ ಬದಲಾಗುತ್ತದೆ.

ದುಡ್ಡು ವಸೂಲಾಗಿದ್ದು ಪೈಪಿನ ವಿಷಯದಲ್ಲಿ. ಮೇಲಿನ ಬಾತ್‌ರೂಮಿನ ಪೈಪು ಸೀದಾ ಹಾಲ್ ಬೀಮಿನೊಳಗೆ ನುಗ್ಗುತ್ತಿತ್ತು. ಸಾಫ್ಟ್‌ವೇರ್ ಅದನ್ನು ಕೆಂಪಗೆ ಮಾಡಿ ತೋರಿಸಿತು. ಇಲ್ಲದಿದ್ದರೆ ಪ್ಲಂಬರ್ ಬಂದು ಸುಮ್ನೆ ಬೀಮ್ ಕೊರೆದು ಹೋಗುತ್ತಿದ್ದ, ಅಲ್ವಾ? ಬಿಸಿಲಿನ ಲೆಕ್ಕವೂ ಚೆನ್ನಾಗಿದೆ. ಏಪ್ರಿಲ್ ಮಧ್ಯಾಹ್ನ ಮೂರು ಗಂಟೆಗೆ ಪಶ್ಚಿಮದ ಕೋಣೆ ಎಷ್ಟು ಕಾಯುತ್ತದೆ ಅಂತ ನೋಡಿ ಅಮ್ಮನ ರೂಮನ್ನು ಪೂರ್ವಕ್ಕೆ ತಂದೆವು. 1000 ಚದರಡಿ ತಾರಸಿ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 930 ಲೀಟರ್ ನೀರು. ಸಂಪಿನ ಅಳತೆಯನ್ನು ಈ ಲೆಕ್ಕ ಹಿಡಿದೇ ಹಾಕಿದರು.

ಬೇಜಾರಾಗಿದ್ದು? ಫೈಲ್ ಕೇಳಿದರೆ ಬರೀ ಪಿಡಿಎಫ್ ಕೊಟ್ಟರು. ಐಎಫ್‌ಸಿ ಫೈಲಿಗಾಗಿ ಮೂರು ಸಲ ಹೋಗಿ ಕೂರಬೇಕಾಯಿತು. ಬೇರೆ ಕಂಪನಿಗಳ ಬಿಮ್ ಸಾಫ್ಟ್‌ವೇರಿನಲ್ಲೂ ತೆರೆಯಬಹುದಾದ ಫೈಲ್ ಅದು, ಮುಂದೆ ಇನ್ನೊಂದು ಮಹಡಿ ಎತ್ತುವಾಗ ಬೇಕೇ ಬೇಕು. ಅಡ್ವಾನ್ಸ್ ಕೊಡುವ ಮುಂಚೆಯೇ ಬರೆಸಿಕೊಳ್ಳಿ. ಸಾದಾ ಪ್ಲಾನ್‌ಗಿಂತ ಖರ್ಚಂತೂ ಜಾಸ್ತಿ. ಹಾಂ, ನಮ್ಮ ಮೇಸ್ತ್ರಿ ಟ್ಯಾಬ್ ಮುಟ್ಟಲೇ ಇಲ್ಲ, ದೊಡ್ಡ ಪ್ರಿಂಟೇ ತೆಗೆಸಿಕೊಡಬೇಕಾಯಿತು.