ಶೂಗೆ ಸಿಕ್ಕಿಸೋ ರನ್ನಿಂಗ್ ಪವರ್ ಮೀಟರ್: ಚಾಮುಂಡಿ ಬೆಟ್ಟ, ರಿಂಗ್ ರೋಡ್ ಎರಡರಲ್ಲೂ ಬಳಸಿ ಬರೀತಿರೋ ರಿವ್ಯೂ

ಈ ಪಾಡ್ ತಗೊಂಡು ವರ್ಷಗಳೇ ಆಯ್ತು, ಇಷ್ಟರಲ್ಲಿ ಎಷ್ಟೋ ಜೊತೆ ಶೂ ಸವೆಸಿದ್ದೀನಿ, ಪಾಡ್ ಮಾತ್ರ ಅದೇ. ಬ್ರ್ಯಾಂಡ್ ಹೆಸರು ಬೇಕಂತಲೇ ಹಾಕ್ತಿಲ್ಲ, ಕೆಳಗೆ ಒಂಚೂರು ಬೈಯೋದಿದೆ, ಅಲ್ದೆ ನಾನು ಹೇಳೋದ್ರಲ್ಲಿ ಮುಕ್ಕಾಲು ಪಾಲು ಈ ಥರದ್ದು ಯಾವ ಪಾಡ್ ತಗೊಂಡ್ರೂ ಹೊಂದುತ್ತೆ. ಹೆಬ್ಬೆರಳಷ್ಟು ದೊಡ್ಡದು, ತೂಕ ಗೊತ್ತೇ ಆಗಲ್ಲ, ಲೇಸಿಗೆ ಸಿಕ್ಕಿಸಿ ಮರೆತುಬಿಡಬಹುದು. ಒಳಗೆ ಕಾಲಿನ ಚಲನೆ ಹಿಡಿಯೋ ಸೆನ್ಸರ್, ಗಾಳಿ ಒತ್ತಡ ನೋಡೋ ಬ್ಯಾರೋಮೀಟರ್ ಇರುತ್ತೆ, ಅದೂ ನಿಮ್ಮ ತೂಕಾನೂ ಸೇರಿಸಿ ಲೆಕ್ಕ ಹಾಕಿ ವಾಚ್‌ಗೆ ವಾಟ್ಸ್, ಅಂದ್ರೆ ಆ ಕ್ಷಣ ನೀವು ಎಷ್ಟು ಜೋರಾಗಿ ಕೆಲಸ ಮಾಡ್ತಿದ್ದೀರ ಅನ್ನೋ ನಂಬರ್, ಕಳಿಸುತ್ತೆ. ಸೈಕಲ್ ಪೆಡಲ್‌ನಲ್ಲಿ ಬರೋ ಪವರ್ ಮೀಟರ್ ಥರ ನೇರವಾಗಿ ಅಳೆಯೋದಲ್ಲ, ಇದು ಅಂದಾಜು. ಆದ್ರೆ ಅಂದಾಜು ಪ್ರತಿಸಲ ಒಂದೇ ಥರ ಇದ್ರೆ ಸಾಕು, ನಮಗೆ ಬೇಕಾಗಿರೋದು ಅಷ್ಟೇ.

ಇದೆಲ್ಲ ಯಾಕೆ ಬೇಕು ಅಂದ್ರೆ, ಮೈಸೂರಲ್ಲಿ ಲಾಂಗ್ ರನ್ ಮಾಡೋರಿಗೆ ಹೇಳಬೇಕಾಗಿಲ್ಲ. ನಮ್ಮ ಔಟರ್ ರಿಂಗ್ ರೋಡ್ ಹತ್ತತ್ರ 42.5 ಕಿಮೀ, ಮ್ಯಾರಥಾನ್ 42.195, ಅಂದ್ರೆ ದೇವರೇ ಅಳೆದು ಹಾಕಿಕೊಟ್ಟಂಗಿದೆ. ಕಾರಲ್ಲಿ ಹೋದ್ರೆ ಸಪಾಟು ಅನ್ಸುತ್ತೆ, ಓಡಿದಾಗ ಗೊತ್ತಾಗೋದು ಅದರ ಉಬ್ಬು ತಗ್ಗು, ಹಿನಕಲ್ ಫ್ಲೈಓವರ್ ಅಂತೂ ಕೇಳ್ಲೇಬೇಡಿ. ಇಂಥ ರೋಡಲ್ಲಿ "ಕಿಲೋಮೀಟರಿಗೆ 6 ನಿಮಿಷ" ಅಂತ ವಾಚ್ ನೋಡ್ಕೊಂಡು ಒಂದೇ ಪೇಸ್ ಹಿಡಿದ್ರೆ ಏರಲ್ಲಿ ಸಾಲ ಮಾಡ್ತೀರ, ಇಳಿಜಾರಲ್ಲಿ ಸುಮ್ನೆ ಬ್ರೇಕ್ ಹಾಕ್ತೀರ, ಕೊನೇಲಿ ಬಡ್ಡಿ ಸಮೇತ ತೀರಿಸಬೇಕಾಗುತ್ತೆ. ಸಮ ಇಡಬೇಕಾಗಿರೋದು ಪೇಸ್ ಅಲ್ಲ, ಎಫರ್ಟ್, ಅಂದ್ರೆ ಮೈ ಪಡೋ ಶ್ರಮ.

ಎಷ್ಟು ನಿಧಾನ ಆಗಬೇಕು ಅನ್ನೋದಕ್ಕೆ ಲೆಕ್ಕ ಇದೆ. 2002ರಲ್ಲಿ ಇಟಲಿಯ ಮಿನೆಟ್ಟಿ ಮತ್ತೆ ಅವರ ಜೊತೆಯವರು ಟ್ರೆಡ್‌ಮಿಲ್ ವಾಲಿಸಿ, ಜನರನ್ನ ಓಡಿಸಿ, ಏರು ಇಳಿಜಾರಲ್ಲಿ ಎಷ್ಟು ಶಕ್ತಿ ಖರ್ಚಾಗುತ್ತೆ ಅಂತ ಅಳೆದ್ರು, ಇವತ್ತಿಗೂ ಈ ವಿಷಯ ಬಂದಾಗೆಲ್ಲ ಅವರ ಫಾರ್ಮುಲಾ ಬರುತ್ತೆ. ಅದರ ಪ್ರಕಾರ 5 ಪರ್ಸೆಂಟ್ ಏರಲ್ಲಿ (100 ಮೀಟರಿಗೆ 5 ಮೀಟರ್ ಮೇಲೆ) ಸಪಾಟಿಗಿಂತ 30 ಪರ್ಸೆಂಟ್ ಜಾಸ್ತಿ ಖರ್ಚು, ಅಷ್ಟೇ ಇಳಿಜಾರಲ್ಲಿ ಉಳಿತಾಯ 24 ಪರ್ಸೆಂಟ್ ಆಸುಪಾಸು. ಎಫರ್ಟ್ ಸಮ ಇಡಬೇಕಂದ್ರೆ 6 ನಿಮಿಷದ ಪೇಸ್‌ನವರು ಒಂದು ಕಿಮೀ ಏರನ್ನ 7:48ಕ್ಕೆ ಹತ್ತಬೇಕು, ಇಳಿಯೋದು 4:35ಕ್ಕೆ, ಒಟ್ಟು 12:23. ಸಪಾಟಲ್ಲಿ ಆಗಿದ್ರೆ 12 ನಿಮಿಷ. ಅಂದ್ರೆ ಎಷ್ಟೇ ಜಾಣತನದಿಂದ ಓಡಿದ್ರೂ ಏರು ತಿಂದಿದ್ದನ್ನ ಇಳಿಜಾರು ಪೂರ್ತಿ ವಾಪಸ್ ಕೊಡಲ್ಲ, "ಇಳಿಯುವಾಗ ಮೇಕಪ್ ಮಾಡ್ಕೋತೀನಿ" ಅನ್ನೋರು ಇದನ್ನ ಗೋಡೆಗೆ ಅಂಟಿಸ್ಕೊಳ್ಳಿ.

ಈಗ ಪಾಡ್ ಎಲ್ಲಿ ದುಡ್ಡು ವಸೂಲ್ ಮಾಡ್ತು ಅನ್ನೋದು. ತಾವರೆಕಟ್ಟೆಯಿಂದ ಚಾಮುಂಡಿ ಬೆಟ್ಟದ ರೋಡ್ ಹತ್ತೋಕೆ ಶುರು ಮಾಡಿ. ಊರು 770 ಮೀಟರ್ ಆಸುಪಾಸಲ್ಲಿದೆ, ಬೆಟ್ಟದ ಮೇಲೆ 1,000 ದಾಟುತ್ತೆ. ಮೊದಲ ತಿರುವಲ್ಲಿ ಎಲ್ರೂ ಹುಮ್ಮಸ್ಸಲ್ಲಿ ಇರ್ತಾರೆ, ಬೆಳಗಿನ ತಂಪು ಬೇರೆ, ಹಾರ್ಟ್ ರೇಟ್ ನೋಡಿದ್ರೆ ಇನ್ನೂ 140ರಲ್ಲೇ ಇದೆ, ಏನೂ ಆಗಿಲ್ಲ ಅನ್ಸುತ್ತೆ. ವಾಟ್ಸ್ ನೋಡಿ: ಸಪಾಟಲ್ಲಿ ನನಗೆ 195 ಇರೋದು ಆಗ್ಲೇ 250 ದಾಟಿರುತ್ತೆ. ಎದೆಬಡಿತ ಯಾವಾಗ್ಲೂ ಹಿಂದೆ ಬರುತ್ತೆ, ಕಾಲು ಕೆಲಸ ಶುರು ಮಾಡಿದ ಒಂದೆರಡು ನಿಮಿಷ ಆದ್ಮೇಲೆ ತಾನೆ ಅದು ಏರೋದು, ಅಷ್ಟರಲ್ಲಿ ಏದುಸಿರು ಬಂದಾಗಿರುತ್ತೆ. ಪಾಡ್ ಆದ್ರೆ ಕೆಲವೇ ಸೆಕೆಂಡಲ್ಲಿ ಹೇಳುತ್ತೆ. ಆ ನಂಬರ್ 200ರ ಸುತ್ತ ನಿಲ್ಲೋ ತನಕ ಹೆಜ್ಜೆ ಚಿಕ್ಕದು ಮಾಡ್ತೀನಿ, ಪೇಸ್ 7:50, ಕೆಲವು ಕಡೆ 8:30 ಕೂಡ ಆಗುತ್ತೆ, ಪಕ್ಕದಲ್ಲಿ ನಮ್ಮ ಗುಂಪಿನ ಹುಡುಗ್ರು "ಏನಣ್ಣ, ವಾಕಿಂಗಾ?" ಅಂತ ದಾಟ್ಕೊಂಡು ಹೋಗ್ತಾರೆ. ಹೋಗ್ಲಿ ಬಿಡಿ. ನಂದಿ ಕಡೆ ತಿರುವು ಬರೋ ಹೊತ್ತಿಗೆ ಅರ್ಧ ಜನ ಸೊಂಟದ ಮೇಲೆ ಕೈ ಇಟ್ಕೊಂಡು ನಿಂತಿರ್ತಾರೆ. (ಆಷಾಢ ಶುಕ್ರವಾರ ಮಾತ್ರ ಆ ಕಡೆ ಓಡೋಕೆ ಹೋಗಬೇಡಿ, ಭಕ್ತಾದಿಗಳ ಮಧ್ಯೆ ಯಾವ ವಾಟ್ಸೂ ನಡೆಯಲ್ಲ.)

ಇಳಿಯೋದ್ರಲ್ಲಿ ಇದನ್ನ ನಂಬಬೇಡಿ. ಇಳಿಜಾರಲ್ಲಿ ವಾಟ್ಸ್ ಬಿದ್ದೋಗುತ್ತೆ, 150 ತೋರಿಸುತ್ತೆ, "ಇನ್ನೂ ಜೋರಾಗಿ ಓಡು" ಅನ್ನೋ ಥರ. ಆ 195 ಮುಟ್ಟಿಸೋಕೆ ಹೋದ್ರೆ ಮುಗೀತು ಕಥೆ. ಇಳಿಯುವಾಗ ತೊಡೆ ಸ್ನಾಯು ಉದ್ದ ಆಗ್ತಾ ಬ್ರೇಕ್ ಹಾಕೋ ಕೆಲಸ ಮಾಡುತ್ತೆ, ಉಸಿರಿಗೆ ಸುಲಭ, ಮಾಂಸಕ್ಕೆ ಪೆಟ್ಟು. ಈ ಪೆಟ್ಟು ಯಾವ ಮೀಟರಲ್ಲೂ ಬರಲ್ಲ, ಮಾರನೇ ದಿನ ಮೆಟ್ಟಿಲು ಇಳಿಯುವಾಗ ಬರುತ್ತೆ. ನಾನು ಇಳಿಜಾರಲ್ಲಿ ಸ್ಕ್ರೀನ್ ಬದಲಾಯಿಸಿಬಿಡ್ತೀನಿ, ಹೆಜ್ಜೆ ಸದ್ದು ಪಟಪಟ ಹಗುರ ಇದ್ಯಾ ಅಂತ ಅಷ್ಟೇ ನೋಡೋದು.

ನಮ್ಮ ಆಫೀಸಲ್ಲಿ ಸೀನಿಯರ್ ಒಬ್ರು ಬಾಸ್ಟನ್ ಮ್ಯಾರಥಾನ್‌ಗೆ ತಯಾರಾಗುವಾಗ ನನ್ನ ಪಾಡ್ ಆಪಲ್ಲಿ ರೇಸ್ ಪ್ಲಾನ್ ನೋಡೋಕೆ ಬಂದಿದ್ರು. "ಸಾರ್, ಅದು ಒಟ್ಟಾರೆ ಇಳಿಜಾರು ಕೋರ್ಸಲ್ವಾ, ಆರಾಮು" ಅಂದೆ. "ಅದೇ ಕಣಯ್ಯ ಮೋಸ" ಅಂದ್ರು. ನಿಜ, ಹಾಪ್ಕಿಂಟನ್‌ನಿಂದ ಶುರುವಾಗಿ ಮೊದಲೇ ಇಳಿಯುತ್ತೆ, ಜನ ತಾಜಾ ಕಾಲಲ್ಲಿ ಹಾರ್ಕೊಂಡು ಹೋಗ್ತಾರೆ, ಸುಮಾರು 26 ಕಿಮೀ ಆದ್ಮೇಲೆ ನ್ಯೂಟನ್ ಗುಡ್ಡಗಳು, ಕೊನೇದು ಹಾರ್ಟ್‌ಬ್ರೇಕ್ ಹಿಲ್ 33ರ ಹತ್ರ. ಗುಡ್ಡ ಅಂಥ ದೊಡ್ಡದೇನಲ್ಲ, ನಮ್ಮ ಬೆಟ್ಟದ ಮುಂದೆ ಏನೂ ಅಲ್ಲ, ಆದ್ರೆ ಅಷ್ಟೊತ್ತಿಗೆ ತೊಡೆ ಸತ್ತಿರುತ್ತೆ. ಆಪ್ ಹಾಕಿಕೊಟ್ಟ ಪ್ಲಾನಲ್ಲಿ ಮೊದಲ 10 ಕಿಮೀ ಬಹಳ ಜೋರಿತ್ತು. ಅವರು ಅದನ್ನ ತೆಗೆದು, ಆರಂಭಕ್ಕೆ ಟಾರ್ಗೆಟ್‌ಗಿಂತ ಕಮ್ಮಿ ವಾಟ್ಸ್ ಬರ್ಕೊಂಡ್ರು. ಅದು ಸರಿ ಅನ್ನಿಸ್ತು ನನಗೆ.

ಇನ್ನೊಂದು ದೊಡ್ಡ ಕೊರತೆ ಬಿಸಿಲು. ಏಪ್ರಿಲಲ್ಲಿ ಬನ್ನೂರು ರೋಡ್ ಜಂಕ್ಷನ್ ದಾಟೋ ಹೊತ್ತಿಗೆ ಸೂರ್ಯ ಮೇಲೆ ಬಂದಿದ್ರೆ ಅದೇ 195 ವಾಟ್ಸ್‌ಗೆ ಹಾರ್ಟ್ ರೇಟ್ ಹತ್ತು ಹದಿನೈದು ಜಾಸ್ತಿ ಓಡುತ್ತೆ, ಮೈ ತಣ್ಣಗೆ ಮಾಡೋಕೆ ರಕ್ತ ಚರ್ಮದ ಕಡೆ ಹೋಗುತ್ತೆ, ಬೆವರಲ್ಲಿ ನೀರು ಹೋಗುತ್ತೆ, ಪಾಡ್‌ಗೆ ಇದ್ಯಾವುದೂ ಗೊತ್ತಿಲ್ಲ. 30 ಕಿಮೀ ಆದ್ಮೇಲೆ ಸುಸ್ತಿಗೂ ಅದೇ ಕಥೆ. ಹಾಗಾಗಿ ಸಮ ವಾಟ್ಸ್ ಅಂದ್ರೆ ಸಮ ಎಫರ್ಟ್ ಅನ್ನೋದು ಮೊದಲ ಅರ್ಧಕ್ಕೆ ಸರಿ, ಆಮೇಲೆ ಎದೆಪಟ್ಟಿಯ ಹಾರ್ಟ್ ರೇಟ್ ಜೊತೆಗಿಟ್ಕೊಂಡು, ಪಕ್ಕದವರ ಹತ್ರ ಒಂದು ಪೂರ್ತಿ ವಾಕ್ಯ ಮಾತಾಡೋಕಾಗುತ್ತಾ ಅಂತ ನೋಡ್ಕೊಂಡೇ ಓಡಬೇಕು.

ಬೈಯೋ ಭಾಗ. ಕ್ಲಿಪ್ಪು ಕಳಪೆ, ಪ್ಲಾಸ್ಟಿಕ್ ಮೂಲೆ ಮುರಿದು ಈಗ ಕೇಬಲ್ ಟೈ ಮೇಲೆ ನಿಂತಿದೆ, ಕಂಪನಿಯವರಿಗೆ ಮೇಲ್ ಹಾಕಿದ್ರೆ "ಫೋಟೋ ಕಳಿಸಿ" ಅಂತಾರೆ, ಕಳಿಸಿದ್ರೆ ಮತ್ತೆ "ಫೋಟೋ ಕಳಿಸಿ" ಅಂತಾರೆ. ಮಳೆಗಾಲದಲ್ಲಿ ಬ್ಯಾರೋಮೀಟರ್ ತೂತಿಗೆ ನೀರು ಕೂತ್ರೆ ಕುಕ್ಕರಹಳ್ಳಿ ಕೆರೆ ಏರಿ ಮೇಲೂ ಬೆಟ್ಟ ಹತ್ತಿದಂಗೆ ತೋರಿಸುತ್ತೆ, ಜೋರಾಗಿ ಊದಿ ಒಣಗಿಸಿದ್ರೆ ಸರಿಹೋಗುತ್ತೆ. ಆಪಲ್ಲಿ ಒಳ್ಳೊಳ್ಳೆ ಗ್ರಾಫ್ ಎಲ್ಲ ತಿಂಗಳ ದುಡ್ಡು ಕಟ್ಟಿದ್ರೆ ಮಾತ್ರ, ನಾನು ಕಟ್ಟಲ್ಲ, ಬೇಕಾಗೂ ಇಲ್ಲ. ಬ್ಯಾಟರಿ ಬಗ್ಗೆ ದೂರಿಲ್ಲ.

ಮಂಡ್ಯ ಕಡೆ ವಿ.ಸಿ. ನಾಲೆ ಪಕ್ಕದ ಸಪಾಟು ರೋಡಲ್ಲೇ ಓಡೋರಿಗೆ ಇದು ದಂಡ, ಅಲ್ಲಿ ಕಬ್ಬಿನ ಗದ್ದೆ ಮಧ್ಯೆ ಪೇಸ್ ನೋಡ್ಕೊಂಡ್ರೆ ಸಾಕು, ಉಳಿದ ದುಡ್ಡಲ್ಲಿ ಒಂದು ಜೊತೆ ಶೂ ಬರುತ್ತೆ. ಈಗ ಎಷ್ಟೋ ವಾಚ್‌ಗಳಲ್ಲಿ ಪಾಡ್ ಇಲ್ದೇನೇ ಪವರ್ ಬರುತ್ತೆ, ಆಪಲ್ ವಾಚಲ್ಲೂ 2022ರಿಂದ ಇದೆ, ಮೊದಲು ಅದನ್ನೇ ಒಂದೆರಡು ತಿಂಗಳು ಬಳಸಿ ನೋಡಿ. ಆದ್ರೆ ಒಂದು ಕಂಪನಿ ವಾಟ್ಸ್ ಇನ್ನೊಂದಕ್ಕೆ ಹೊಂದಲ್ಲ, ಫ್ರೆಂಡ್ 260 ಅಂದ, ನನಗೆ 195 ಅಂತ ಕೊರಗಬೇಡಿ. ಮತ್ತೆ ಸೆಟ್ಟಿಂಗಲ್ಲಿ ತೂಕ ಸರಿಯಾಗಿ ಹಾಕಿ, ಹಬ್ಬದ ಒಬ್ಬಟ್ಟು ತಿಂದಿದ್ದಕ್ಕೆಲ್ಲ ವಾರವಾರ ಬದಲಾಯಿಸ್ತಾ ಕೂರಬೇಡಿ, ಹಳೇ ನಂಬರ್ ಜೊತೆ ಹೋಲಿಸೋಕೆ ಬರಲ್ಲ.