ಓಎಸ್ ಪಾಠಕ್ಕೆ ಎಕ್ಸ್‌ವಿ6: ಲ್ಯಾಬ್‌ನಲ್ಲಿ ಬಳಸಿದ ಮೇಲೆ ನನ್ನ ಅಭಿಪ್ರಾಯ

ಆಪರೇಟಿಂಗ್ ಸಿಸ್ಟಮ್ ಲ್ಯಾಬ್ ಎಂದರೆ ನಮ್ಮ ಕಡೆಯ ಎಷ್ಟೋ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಏನು ನಡೆಯುತ್ತದೆ ಅಂತ ಪಾಠ ಮಾಡುವವರಿಗೆ ಗೊತ್ತು. ರೌಂಡ್ ರಾಬಿನ್ (ಪ್ರತಿ ಪ್ರೋಸೆಸ್‌ಗೂ, ಅಂದರೆ ಓಡುತ್ತಿರುವ ಪ್ರೋಗ್ರಾಮ್‌ಗೂ, ಸರದಿಯಲ್ಲಿ ಸಿಪಿಯು ಸಮಯ ಕೊಡುವ ವಿಧಾನ) ಪ್ರೋಗ್ರಾಮ್ ಬರೆಸುತ್ತೇವೆ. ಹುಡುಗರು ಬರ್ಸ್ಟ್ ಟೈಮ್ (ಪ್ರತಿಯೊಂದಕ್ಕೂ ಬೇಕಾದ ಸಿಪಿಯು ಸಮಯ) ಟೈಪ್ ಮಾಡುತ್ತಾರೆ, ಸರಾಸರಿ ವೇಟಿಂಗ್ ಟೈಮ್ ಪ್ರಿಂಟ್ ಆಗುತ್ತದೆ, ರೆಕಾರ್ಡ್‌ಗೆ ಸಹಿ ಬೀಳುತ್ತದೆ. ಅಲ್ಲಿ ಪ್ರೋಸೆಸ್ಸೇ ಇಲ್ಲ. ಇರುವುದು ಒಂದು ಅರೇ, ಒಂದು ಲೂಪ್.

ನನಗೆ ಇದು ತುಂಬಾ ವರ್ಷದ ಸಂಕಟ. ಅದಕ್ಕೇ ಎಕ್ಸ್‌ವಿ6 ಬಗ್ಗೆ ಬರೆಯುತ್ತಿದ್ದೇನೆ.

ಇದು ಪಾಠಕ್ಕೆಂದೇ 2006ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಪುಟ್ಟ ಓಎಸ್. ಫ್ರಾನ್ಸ್ ಕಾಶೂಕ್, ರಾಬರ್ಟ್ ಮೋರಿಸ್, ರಸ್ ಕಾಕ್ಸ್ ಬರೆದದ್ದು. ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರ 1975ರ ಯುನಿಕ್ಸ್ ಓಎಸ್‌ನ ಆರನೇ ಆವೃತ್ತಿಯ ಜಾಡಿನಲ್ಲೇ ಇದೆ. ಮೊದಲು ಇಂಟೆಲ್ ಪ್ರೊಸೆಸರ್‌ಗೆ ಇತ್ತು, 2019ರಲ್ಲಿ ರಿಸ್ಕ್-ಫೈವ್ ಎಂಬ ಮುಕ್ತ ಪ್ರೊಸೆಸರ್ ವಿನ್ಯಾಸಕ್ಕೆ ಬಂತು. ನಮ್ಮ ಐಐಟಿ ಮದ್ರಾಸ್‌ನ ಶಕ್ತಿ ಪ್ರೊಸೆಸರ್ ಕೂಡ ರಿಸ್ಕ್-ಫೈವೇ ಅಲ್ವಾ, ಹಾಗಾಗಿ ಇದರಲ್ಲಿ ಕಲಿತದ್ದು ವ್ಯರ್ಥವಾಗುವುದಿಲ್ಲ. ಲೈಸೆನ್ಸ್ ಮುಕ್ತ: ತಿದ್ದಬಹುದು, ಹಂಚಬಹುದು, ದುಡ್ಡು ಬೇಡ.

ಲಿನಕ್ಸ್ ಕರ್ನಲ್ (ಓಎಸ್‌ನ ತಿರುಳು) ಈಗ 3 ಕೋಟಿ ಸಾಲು ದಾಟಿದೆ. ಒಂದು ಸೆಮಿಸ್ಟರ್‌ನಲ್ಲಿ ಅದರ ಬಾಗಿಲು ಹುಡುಕುವುದೇ ಕಷ್ಟ. ಎಕ್ಸ್‌ವಿ6 ಕರ್ನಲ್ 10,000 ಸಾಲಿಗಿಂತ ಕಡಿಮೆ. ಪ್ರಿಂಟ್ ತೆಗೆದು ಬೈಂಡ್ ಮಾಡಿಸಿ ಪೆನ್ನು ಹಿಡಿದು ಓದಬಹುದು. ನನ್ನ ವಿದ್ಯಾರ್ಥಿಗಳು ಹಾಗೇ ಓದುತ್ತಾರೆ.

ಕಾಂಟೆಕ್ಸ್ಟ್ ಸ್ವಿಚ್, ಅಂದರೆ ಸಿಪಿಯು ಒಂದು ಪ್ರೋಸೆಸ್ ಬಿಟ್ಟು ಇನ್ನೊಂದಕ್ಕೆ ಹೋಗುವುದು, ನೋಡಿ. ಬೋರ್ಡ್ ಮೇಲೆ ಎರಡು ಡಬ್ಬ ಬರೆದು ನಡುವೆ ಬಾಣ ಎಳೆದು ಮುಗಿಸುವ ಪಾಠ ಅದು. ಇಲ್ಲಿ ಅದು ಒಂದು ಚಿಕ್ಕ ಅಸೆಂಬ್ಲಿ ಫೈಲ್. 14 ರಿಜಿಸ್ಟರ್‌ಗಳನ್ನು (ಸಿಪಿಯು ಒಳಗಿನ ಪುಟ್ಟ ಜಾಗಗಳು) ಮೆಮೊರಿಗೆ ಹಾಕು, ಇನ್ನೊಬ್ಬನ 14 ರಿಜಿಸ್ಟರ್‌ಗಳನ್ನು ತಂದುಕೋ, ರಿಟರ್ನ್ ಮಾಡು. ಮುಗೀತು. ರಿಟರ್ನ್ ವಿಳಾಸದ ರಿಜಿಸ್ಟರೇ ಬದಲಾಗಿರುವುದರಿಂದ ಹೋದದ್ದು ಒಂದು ಕಡೆಯಿಂದ, ವಾಪಸ್ ಬರುವುದು ಬೇರೆ ಕಡೆಗೆ. ಜಿಡಿಬಿ ಎಂಬ ಡೀಬಗರ್‌ನಲ್ಲಿ ಒಂದೊಂದೇ ಹೆಜ್ಜೆ ಹಾಕಿಸಿದರೆ ಹಿಂದಿನ ಬೆಂಚಿನವರೂ ಎದ್ದು ಬಂದು ನೋಡುತ್ತಾರೆ.

ಮುಂದೆ ಯಾವ ಪ್ರೋಸೆಸ್ ಓಡಬೇಕೆಂದು ಆರಿಸುವ ಶೆಡ್ಯೂಲರ್ ಕೂಡ ಅಷ್ಟೇ ಸರಳ. 64 ಪ್ರೋಸೆಸ್‌ಗಳ ಪಟ್ಟಿಯನ್ನು ಸುತ್ತುವ ಲೂಪ್. ಅದನ್ನು ಲಾಟರಿ ಶೆಡ್ಯೂಲರ್ (ಟಿಕೆಟ್ ಎತ್ತಿ ಆರಿಸುವುದು) ಆಗಿ ಬದಲಿಸಿ ಅಂತ ಅಸೈನ್‌ಮೆಂಟ್ ಕೊಡುತ್ತೇನೆ. ಫೋರ್ಕ್ ಆದಾಗ (ಪ್ರೋಸೆಸ್ ತನ್ನದೇ ನಕಲು ಹುಟ್ಟಿಸಿದಾಗ) ಮಗು ಪ್ರೋಸೆಸ್‌ಗೆ ಟಿಕೆಟ್ ಎಷ್ಟು ಕೊಡಬೇಕು ಅನ್ನುವ ಪ್ರಶ್ನೆ ತಾನಾಗಿ ಏಳುತ್ತದೆ. ಲಾಕ್ (ಒಂದೇ ಡೇಟಾವನ್ನು ಒಂದು ಸಲಕ್ಕೆ ಒಬ್ಬರೇ ಮುಟ್ಟುವಂತೆ ಹಾಕುವ ಬೀಗ) ಬಿಡುವುದನ್ನು ಮರೆತರೆ ಕರ್ನಲ್ ಪ್ಯಾನಿಕ್ ಆಗುತ್ತದೆ (ದೋಷ ಹೇಳಿ ನಿಲ್ಲುತ್ತದೆ), ಇಲ್ಲವೇ ಸುಮ್ನೆ ನಿಂತುಬಿಡುತ್ತದೆ. ಆ ಪಾಠವನ್ನು ಯಾವ ಸಿಮ್ಯುಲೇಶನ್ನೂ ಕಲಿಸುವುದಿಲ್ಲ.

ನನಗೆ ತುಂಬಾ ಇಷ್ಟವಾದದ್ದು ಇನ್ನೊಂದು. ಹೊಸ ಪುಟ (ಮೆಮೊರಿಯ ಒಂದು ತುಂಡು) ಕೊಡುವಾಗ ಕರ್ನಲ್ ಅದರ 4,096 ಬೈಟ್‌ಗಳಲ್ಲೂ 5 ತುಂಬಿ ಕೊಡುತ್ತದೆ, ವಾಪಸ್ ಪಡೆಯುವಾಗ 1 ತುಂಬುತ್ತದೆ. ಬೇಕೆಂದೇ ಕಸ ಹಾಕುವುದು. ದೋಷದ ಸಂದೇಶದಲ್ಲಿ 0505 ಅಂತ ಸಾಲಾಗಿ ಕಂಡರೆ, ಹೊಸ ಪುಟವನ್ನು ಸರಿಯಾಗಿ ತುಂಬದೆ ಬಳಸಿದ್ದೀರಿ ಅಂತ ಅನುಮಾನಿಸಬಹುದು. ಕಲಿಯುವವರ ಮೇಲೆ ಕಾಳಜಿ ಇದ್ದವರು ಬರೆದ ಕೋಡ್ ಇದು.

ಇನ್‌ಸ್ಟಾಲ್ ಮಾಡುವುದು ಉಬುಂಟುವಿನಲ್ಲಿ ಸುಲಭ, ವಿಂಡೋಸ್‌ನವರು ಡಬ್ಲ್ಯುಎಸ್‌ಎಲ್ (ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಸೌಲಭ್ಯ) ಹಾಕಿಕೊಳ್ಳಬೇಕು. ಕ್ಯೂಎಂಯು (ಸಾಫ್ಟ್‌ವೇರ್‌ನಲ್ಲೇ ಕಂಪ್ಯೂಟರ್ ಅನುಕರಿಸುವ ಪ್ರೋಗ್ರಾಮ್) ಮೇಲೆ ಓಡುತ್ತದೆ, ಹಳೇ ಲ್ಯಾಬ್ ಪಿಸಿ ಸಾಕು. ಹೊರಗೆ ಬರಲು ಕಂಟ್ರೋಲ್-ಎ, ಆಮೇಲೆ ಎಕ್ಸ್. ಇದನ್ನು ಮೊದಲ ದಿನವೇ ಬೋರ್ಡ್ ಮೇಲೆ ಬರೆದಿಡಿ. ಡೀಬಗ್ ಮಾಡುವಾಗ ಸಿಪಿಯು ಸಂಖ್ಯೆ 1 ಮಾಡಿಕೊಳ್ಳಿ, ತಲೆನೋವು ಕಡಿಮೆ.

ಕೊರತೆಗಳೂ ಇವೆ. ಯೂಸರ್ ಅಕೌಂಟ್ ಇಲ್ಲ, ಪರ್ಮಿಶನ್ ಇಲ್ಲ, ಮೆಮೊರಿ ಸಾಲದಾಗ ಪುಟಗಳನ್ನು ಡಿಸ್ಕ್‌ಗೆ ಸ್ವಾಪ್ ಮಾಡುವುದಿಲ್ಲ. ಒಂದು ಫೈಲ್ ಹೆಚ್ಚೆಂದರೆ 268 ಬ್ಲಾಕ್, ಅಂದರೆ 268 ಕೆಬಿ. ಇದು ಪಾಠಕ್ಕೆ ಅನುಕೂಲವೇ: ಡಬಲ್ ಇಂಡೈರೆಕ್ಟ್ ಬ್ಲಾಕ್ (ಬ್ಲಾಕ್ ವಿಳಾಸಗಳ ಪಟ್ಟಿಗಳ ಪಟ್ಟಿ) ಸೇರಿಸಿ 65,803 ಬ್ಲಾಕ್‌ಗೆ ಏರಿಸುವುದು ಒಳ್ಳೆಯ ಅಭ್ಯಾಸ. ನಿಜವಾದ ತೊಂದರೆ ಬೇರೆ. ಸಿ ಭಾಷೆಯ ಪಾಯಿಂಟರ್ (ಮೆಮೊರಿ ವಿಳಾಸ ಹಿಡಿದಿಡುವ ವೇರಿಯಬಲ್) ಗಟ್ಟಿ ಇಲ್ಲದವರು ಮೊದಲ ವಾರವೇ ಕೈಚೆಲ್ಲುತ್ತಾರೆ. ಜೊತೆಗೆ ಬರುವ ಪುಸ್ತಕ ಇಂಗ್ಲಿಷ್‌ನಲ್ಲಿದೆ, ದಟ್ಟವಾಗಿದೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ನಾವು ಪಕ್ಕದಲ್ಲಿ ಕೂತು ಓದಿಸಲೇಬೇಕು.

ಇನ್ನು, ಎಂಐಟಿ ಲ್ಯಾಬ್‌ಗಳ ಉತ್ತರ ನೆಟ್‌ನಲ್ಲಿ ಧಾರಾಳವಾಗಿ ಸಿಗುತ್ತದೆ. ಅದಕ್ಕೆ ನಾನು ಕೋಡ್‌ಗೆ ಮಾರ್ಕ್ಸ್ ಕಡಿಮೆ ಇಟ್ಟು ವೈವಾಗೆ ಜಾಸ್ತಿ ಇಟ್ಟಿದ್ದೇನೆ. "ಈ ಸಾಲು ತೆಗೆದರೆ ಏನಾಗುತ್ತೆ? ತೆಗೆದು ಓಡಿಸಿ ತೋರಿಸು" ಅಂತೀನಿ. ನಕಲು ಮಾಡಿದವರು ಅಲ್ಲೇ ಗೊತ್ತಾಗುತ್ತಾರೆ.

ಸಿಲಬಸ್ ಬದಲಾಗುವ ತನಕ ಕಾಯಬೇಕಿಲ್ಲ. ನಿಗದಿತ ಪ್ರೋಗ್ರಾಮ್‌ಗಳ ಜೊತೆಗೆ ಒಂದೇ ಒಂದು ಸಿಸ್ಟಮ್ ಕಾಲ್ (ಪ್ರೋಗ್ರಾಮ್ ಕರ್ನಲ್‌ನ ಸೇವೆ ಕೇಳುವ ದಾರಿ) ಸೇರಿಸುವ ಅಭ್ಯಾಸ ಇಡಿ. ಸ್ವಲ್ಪ ಸ್ವಲ್ಪವೇ ತಿದ್ದಬೇಕಾದ ಫೈಲ್‌ಗಳು ನಾಲ್ಕೈದು. ಎರಡು ಲ್ಯಾಬ್ ಅವಧಿಯಲ್ಲಿ ಮುಗಿಯುತ್ತದೆ.