ಮಾತು ಕೇಳುವ ಹಾಸ್ಯ, ಮತ ಕೇಳುವ ಹಾಸ್ಯ, ಮೈ ಕೇಳುವ ಹಾಸ್ಯ

ಪ್ರೇಕ್ಷಕರನ್ನೂ ಆಟಕ್ಕೆ ಎಳೆದುಕೊಳ್ಳುವ ಹಾಸ್ಯ ಪ್ರದರ್ಶನಗಳ ಪೋಸ್ಟರ್‌ಗಳಲ್ಲೆಲ್ಲ ‘ಇಂಟರಾಕ್ಟಿವ್’ ಎಂಬ ಒಂದೇ ಪದ ಇರುತ್ತದೆ. ವ್ಯತ್ಯಾಸ ಗೊತ್ತಾಗುವುದು ಒಳಗೆ ಹೋದ ಮೇಲೆ. ಒಂದು ಕಡೆ ಕುಳಿತಲ್ಲಿಂದಲೇ ಒಂದು ಪದ ಕೂಗಿದರೆ ಸಾಕು, ಇನ್ನೊಂದು ಕಡೆ ಕೈ ಎತ್ತಿ ಕೊಲೆಗಾರನನ್ನು ಆರಿಸಬೇಕು, ಮತ್ತೊಂದು ಕಡೆ ಊಟದ ತಟ್ಟೆ ಬಿಟ್ಟೆದ್ದು ಗುರುತಿಲ್ಲದ ‘ವರನ ಚಿಕ್ಕಪ್ಪ’ನ ಜೊತೆ ಕುಣಿಯಬೇಕು. ಯಾವುದು ಹೆಚ್ಚು ನಗಿಸುತ್ತದೆ ಎಂಬ ಪ್ರಶ್ನೆ ಆಮೇಲಿನದು. ಅದು ನಿಮ್ಮಿಂದ ಏನು ಕೇಳುತ್ತದೆ, ಮಾತೋ, ಮತವೋ, ಮೈಯೋ ಎಂದು ತಿಳಿದುಕೊಂಡೇ ಟಿಕೆಟ್ ತೆಗೆದುಕೊಳ್ಳಿ.

ಚುಟುಕು ಇಂಪ್ರೊವ್

ಇಂಪ್ರೊವ್ ಅಂದರೆ ಆಶುನಟನೆ, ಬರೆದಿಟ್ಟ ಸಂಭಾಷಣೆ ಇಲ್ಲ. ಮೂರರಿಂದ ಐದು ನಿಮಿಷದ ಆಟಗಳು ಒಂದರ ಹಿಂದೊಂದು, ಒಟ್ಟು ಒಂದು ಒಂದೂವರೆ ಗಂಟೆ. ಪ್ರತಿ ಆಟಕ್ಕೂ ನಿರೂಪಕ ಸಭೆಯಿಂದ ಒಂದು ಜಾಗವನ್ನೋ ಸಂಬಂಧವನ್ನೋ ವಸ್ತುವನ್ನೋ ಕೇಳುತ್ತಾನೆ. ರಂಗನಿರ್ದೇಶಕ ಕೀತ್ ಜಾನ್‌ಸ್ಟೋನ್ 1977ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಶುರುಮಾಡಿದ ಥಿಯೇಟರ್‌ಸ್ಪೋರ್ಟ್ಸ್ ಈ ಜಾತಿಯದೇ, ಆದರೆ ಎರಡು ತಂಡಗಳ ಪಂದ್ಯದ ರೂಪದಲ್ಲಿ. ತೀರ್ಪುಗಾರರು 1ರಿಂದ 5ರವರೆಗಿನ ಅಂಕದ ಫಲಕ ಎತ್ತುತ್ತಾರೆ, ದೃಶ್ಯ ಸಪ್ಪೆಯಾದರೆ ಹಾರ್ನ್ ಒತ್ತುತ್ತಾರೆ. ಅಲ್ಲಿ ತೀರ್ಪುಗಾರರಿಗೆ ಛೀಮಾರಿ ಹಾಕುವುದು ಅಸಭ್ಯವಲ್ಲ, ಆಟದ ಭಾಗ.

ಈ ಬಗೆಯ ಪ್ರದರ್ಶನ ಕೆಡುವುದು ಬಹುಪಾಲು ಸಭೆಯಿಂದ ಬರುವ ಪದದಿಂದಲೇ. ‘ಮನೆಯೊಳಗಿನ ಒಂದು ಜಾಗ ಹೇಳಿ’ ಅಂದರೆ ಎಲ್ಲಿ ಹೋದರೂ ಯಾರಾದರೊಬ್ಬರು ‘ಕಕ್ಕಸು’ ಎಂದು ಕೂಗಿಯೇ ಕೂಗುತ್ತಾರೆ. ನಟರು ಅದನ್ನು ಆಡಿ ಆಡಿ ಸವೆದಿರುತ್ತಾರೆ. ಒಪ್ಪಿದರೆ ಹಳೇ ನಗೆ, ಬಿಟ್ಟರೆ ಮತ್ತೆ ಕೇಳುವ ತಾಪತ್ರಯ. ‘ಅಟ್ಟ’ ಅಂದುಬಿಟ್ಟರೆ ಧೂಳು, ಏಣಿ, ಮರೆತ ಪೆಟ್ಟಿಗೆ, ತಗ್ಗಿದ ಛಾವಣಿ ಎಲ್ಲ ಒಟ್ಟಿಗೆ ಬರುತ್ತವೆ. ಸಂಬಂಧ ಕೇಳಿದಾಗ ‘ದರ್ಜಿ ಮತ್ತು ಗಿರಾಕಿ’ ಸಾಕು. ‘ಆರು ತಿಂಗಳ ಬಾಡಿಗೆ ಬಾಕಿ ಇಟ್ಟು ಮಾಲೀಕನ ಮಗಳನ್ನೇ ಪ್ರೀತಿಸುತ್ತಿರುವವನು’ ಎಂದರೆ ದೃಶ್ಯವನ್ನು ನೀವೇ ಬರೆದುಬಿಟ್ಟಂತಾಯಿತು, ನಟರಿಗೆ ಉಳಿಯುವುದು ಕೂಲಿ ಕೆಲಸ. ಒಂದೇ ಪದ, ಒಂದೇ ಸಲ, ಗಟ್ಟಿಯಾಗಿ, ಪ್ರಶ್ನೆ ಮುಗಿದ ಎರಡು ಸೆಕೆಂಡಿನೊಳಗೆ. ಹತ್ತು ಜನ ಒಟ್ಟಿಗೆ ಕೂಗುತ್ತಿದ್ದರೆ ಸುಮ್ಮನಿರಿ. ಗದ್ದಲದ ನಡುವೆ ನಿರೂಪಕನ ಕಿವಿಗೆ ಬೀಳುವುದು ಮೊದಲನೆಯ ಪದ, ಇಲ್ಲವೇ ಗದ್ದಲ ಇಳಿದ ಮೇಲೆ ಬಂದ ಕೊನೆಯ ಪದ.

ಕೆಲವು ತಂಡಗಳು ಬಾಗಿಲಲ್ಲೇ ಚೀಟಿ ಕೊಟ್ಟು ಒಂದು ವಾಕ್ಯ ಬರೆಯಿಸಿಕೊಳ್ಳುತ್ತವೆ. ದೃಶ್ಯದ ನಡುವೆ ನಟ ಜೇಬಿನಿಂದ ಒಂದನ್ನು ತೆಗೆದು ಅದೇ ತನ್ನ ಮಾತು ಎಂಬಂತೆ ಓದುತ್ತಾನೆ. ಇಲ್ಲಿ ತಮಾಷೆಯ ವಾಕ್ಯ ಬರೆಯುವುದೇ ದೊಡ್ಡ ತಪ್ಪು. ‘ನಿನ್ನೆಯಿಂದ ನಾನು ಅದನ್ನೇ ಹುಡುಕುತ್ತಿದ್ದೇನೆ’ ಎಂಬಂಥ ಸಾದಾ ಮಾತು ಯಾವ ದೃಶ್ಯಕ್ಕಾದರೂ ತಾಗುತ್ತದೆ, ತಾಗಿದ ಕಡೆಯೇ ನಗು. ಅಕ್ಷರ ದಪ್ಪಗಿರಲಿ. ವೇದಿಕೆಯ ಬೆಳಕಿನಲ್ಲಿ ತೆಳು ಪೆನ್ಸಿಲ್ ಬರಹ ಕಾಣಿಸುವುದಿಲ್ಲ, ನಟ ಕಣ್ಣು ಕಿರಿದುಮಾಡಿದೊಡನೆ ಲಯ ಹೋಯಿತು.

ವೇದಿಕೆಗೆ ಕರೆಯುವ ಆಟಗಳು ಎರಡು ಮೂರೇ. ಒಂದರಲ್ಲಿ ನೀವು ನಟರ ಕೈಕಾಲು ಹಿಡಿದು ಬೊಂಬೆಯಂತೆ ಆಡಿಸಬೇಕು, ಇನ್ನೊಂದರಲ್ಲಿ ಅವರು ಭುಜ ಮುಟ್ಟಿದಾಗಲೆಲ್ಲ ಒಂದು ಪದ ಕೊಡಬೇಕು, ಮತ್ತೊಂದರಲ್ಲಿ ಮೈಕ್ ಹಿಡಿದು ಬಾಗಿಲು, ಮಳೆ, ಬಂಡಿಯ ಸದ್ದು ಮಾಡಬೇಕು. ಮೂರರಲ್ಲೂ ನಾಚಿಕೆಯವರಿಗೆ ಬೊಂಬೆಯಾಟವೇ ಸುಲಭ, ಬಾಯಿ ತೆರೆಯುವ ಕೆಲಸವಿಲ್ಲ.

ದೀರ್ಘ ಇಂಪ್ರೊವ್

ಹೊರಗಿನಿಂದ ನೋಡಿದರೆ ಮೊದಲಿನದರಂತೆಯೇ, ಒಳಗೆ ತದ್ವಿರುದ್ಧ. ಆರಂಭದಲ್ಲಿ ಒಂದು ಪದ ಕೇಳುತ್ತಾರೆ, ಆಮೇಲೆ ನಿಮ್ಮ ಬಾಯಿಗೆ ಬೀಗ. ಅಮೆರಿಕದ ಇಂಪ್ರೊವ್ ಶಿಕ್ಷಕ ಡೆಲ್ ಕ್ಲೋಸ್ ಬೆಳೆಸಿದ ‘ಹೆರಾಲ್ಡ್’ ಎಂಬ ರೂಪದಲ್ಲಿ ಮೂರು ಬೇರೆ ಬೇರೆ ದೃಶ್ಯ, ನಡುವೆ ಒಂದು ಗುಂಪಿನ ಆಟ, ಮತ್ತೆ ಅದೇ ಮೂರು ದೃಶ್ಯಗಳ ಮುಂದುವರಿಕೆ, ಮತ್ತೊಂದು ಗುಂಪಿನ ಆಟ, ಕೊನೆಗೆ ಎಳೆಗಳೆಲ್ಲ ಒಂದಕ್ಕೊಂದು ಹೆಣೆದುಕೊಳ್ಳುವುದು. ಸುಮಾರು ಅರ್ಧ ಗಂಟೆ. ಮೊದಲ ಹತ್ತು ನಿಮಿಷ ನಗು ತೆಳು, ಬೀಜ ಬಿತ್ತುತ್ತಿರುತ್ತಾರೆ. ಐದು ನಿಮಿಷ ತಡವಾಗಿ ಬಂದವರಿಗೆ ಕೊನೆಯಲ್ಲಿ ಪಕ್ಕದವರು ಯಾಕೆ ಹಾಗೆ ನಗುತ್ತಿದ್ದಾರೆಂದು ತಿಳಿಯುವುದಿಲ್ಲ. ಚುಟುಕು ಆಟಕ್ಕೆ ಒಗ್ಗಿದವರು ಇಲ್ಲಿ ನಡುವೆ ಪದ ಕೂಗಿ ದೃಶ್ಯ ಕೆಡಿಸುವುದುಂಟು. ಭಾಗವಹಿಸಬೇಕೆಂದು ಆಸೆಪಟ್ಟು ಹೋಗುವವರಿಗೆ ಇದು ನಿರಾಸೆ. ನಟನೆಯ ಕಸುಬು ನೋಡಬೇಕೆನ್ನುವವರಿಗೆ ಮಾತ್ರ ಇದಕ್ಕೆ ಸಾಟಿಯಿಲ್ಲ.

ಕೊಲೆಗಾರನಿಗೆ ಮತ

ಇಲ್ಲಿ ನಾಟಕ ಬರೆದದ್ದೇ, ತುದಿ ಮಾತ್ರ ತೆರೆದಿರುತ್ತದೆ. ಒಳ್ಳೆಯ ಮಾದರಿ ‘ಶಿಯರ್ ಮ್ಯಾಡ್ನೆಸ್’. ಪೌಲ್ ಪರ್ಟ್ನರ್ 1963ರಲ್ಲಿ ಬರೆದ ಜರ್ಮನ್ ನಾಟಕವೇ ಅದರ ಬೇರು. 1980ರಲ್ಲಿ ಬಾಸ್ಟನ್‌ನಲ್ಲಿ ಶುರುವಾದ ಅದು ಅಲ್ಲಿ 2020ರವರೆಗೆ ಓಡಿತು. ಕ್ಷೌರದಂಗಡಿಯ ಮೇಲ್ಮಹಡಿಯ ಪಿಯಾನೋ ವಾದಕಿಯ ಕೊಲೆಯಾಗುತ್ತದೆ. ಸಭಾಂಗಣದ ದೀಪ ಹತ್ತುತ್ತದೆ, ಪೊಲೀಸ್ ಅಧಿಕಾರಿ ಪ್ರೇಕ್ಷಕರನ್ನೇ ಸಾಕ್ಷಿಗಳನ್ನಾಗಿ ಮಾಡಿಕೊಳ್ಳುತ್ತಾನೆ, ಕೊನೆಗೆ ಮತ. ಹೆಚ್ಚು ಮತ ಬಿದ್ದವನೇ ಆ ರಾತ್ರಿಯ ಅಪರಾಧಿ.

ಹಾಗಾಗಿ ಇಲ್ಲಿ ಸೀಟಿಗಿಂತ ನೆನಪು ಮುಖ್ಯ. ಕೊಲೆಗೆ ಮುಂಚಿನ ಭಾಗದಲ್ಲಿ ಮೂರನ್ನು ಗಮನಿಸಿ: ಯಾರು ಯಾವ ಬಾಗಿಲಿನಿಂದ ಹೊರಗೆ ಹೋದರು, ಹೋಗುವಾಗ ಕೈಯಲ್ಲಿ ಏನಿತ್ತು, ಬಂದಾಗ ಏನಿರಲಿಲ್ಲ. ಘಟನೆಗಳನ್ನು ಮತ್ತೆ ಆಡಿ ತೋರಿಸುವಾಗ ಪಾತ್ರಧಾರಿಗಳು ಬೇಕೆಂದೇ ಒಂದನ್ನು ಬಿಡುತ್ತಾರೆ, ಇಲ್ಲವೇ ತಪ್ಪಾಗಿ ಮಾಡುತ್ತಾರೆ. ತಡೆದು ಕೂಗಬೇಕಾದ್ದು ಆಗ. ಪ್ರಶ್ನೆ ಚಿಕ್ಕದಿರಲಿ, ಕಂಡದ್ದರ ಮೇಲಿರಲಿ. ‘ಆ ಕತ್ತರಿಯನ್ನು ಎಲ್ಲಿಟ್ಟೆ?’ ಎಂದರೆ ಪಾತ್ರ ತಡವರಿಸುತ್ತದೆ, ಸಭೆ ನಗುತ್ತದೆ. ‘ನೀನೇ ಕೊಂದೆ ತಾನೇ?’ ಎಂಬುದಕ್ಕೆ ‘ಇಲ್ಲ’ ಬಿಟ್ಟು ಬೇರೇನೂ ಬರುವುದಿಲ್ಲ. ಕೆಲವರು ಪತ್ತೇದಾರಿಕೆಯನ್ನು ತೀರಾ ಗಂಭೀರವಾಗಿ ಹಚ್ಚಿಕೊಂಡು ಹತ್ತು ಪ್ರಶ್ನೆ ಕೇಳುತ್ತಾರೆ. ಎರಡಕ್ಕೆ ನಿಲ್ಲಿಸುವುದು ಉಳಿದವರಿಗೆ ಮಾಡುವ ಉಪಕಾರ. ನಿಜವಾದ ಉತ್ತರ ಎಂಬುದು ಇರುವುದೇ ಇಲ್ಲ, ಒಬ್ಬೊಬ್ಬ ಶಂಕಿತನಿಗೂ ಒಂದೊಂದು ಮುಕ್ತಾಯ ತಯಾರಿರುತ್ತದೆ. ಬರೆದಿಟ್ಟ ನಾಟಕಗಳ ಪೈಕಿ ಎರಡನೇ ಸಲ ನೋಡಿದರೂ ಹಣ ದಂಡವಾಗದ ಬಗೆ ಇದು.

ಊಟದ ಮೇಜಿನ ನಾಟಕ

ಸುಳ್ಳು ಮದುವೆ, ಸುಳ್ಳು ಔತಣ, ನಿಜವಾದ ಊಟ. 1980ರ ದಶಕದ ನ್ಯೂಯಾರ್ಕ್‌ನಲ್ಲಿ ‘ಟೋನಿ ಎನ್ ಟೀನಾಸ್ ವೆಡ್ಡಿಂಗ್’ ಹೆಸರು ಮಾಡಿದ ಮೇಲೆ ಈ ಅಚ್ಚಿನವು ಬೇಕಾದಷ್ಟು ಬಂದಿವೆ. ನಿಮ್ಮಿಂದ ಅತಿ ಹೆಚ್ಚು ಕೇಳುವ ಬಗೆ ಇದೇ: ಎರಡರಿಂದ ಮೂರು ಗಂಟೆ, ಮರೆಯಾಗಲು ಕತ್ತಲಿಲ್ಲ, ಪಕ್ಕದ ಕುರ್ಚಿಯಲ್ಲಿರುವವರು ನಟರೋ ಅಲ್ಲವೋ ತಿಳಿಯದು. ಕೆಡುವುದು ಎರಡು ಕಾರಣಕ್ಕೆ. ಏಕಕಾಲಕ್ಕೆ ನಾಲ್ಕು ಕಡೆ ಜಗಳ ನಡೆಯುವುದರಿಂದ ಕಥೆಯ ಅರ್ಧ ನಿಮ್ಮ ಮೇಜಿಗೆ ತಲುಪುವುದೇ ಇಲ್ಲ. ಬಡಿಸುವ ಹೊತ್ತಿನಲ್ಲಿ ತಟ್ಟೆ ಚಮಚದ ಸದ್ದಿಗೆ ಮಾತು ಮುಳುಗುತ್ತದೆ. ಗೋಡೆಯ ಪಕ್ಕದ ಮೇಜು ಬೇಡ. ವೇದಿಕೆಗೂ ಅಡುಗೆಮನೆ ಬಾಗಿಲಿಗೂ ನಡುವಿನ ಹಾದಿ ಸಿಕ್ಕರೆ ಪಾತ್ರಗಳೆಲ್ಲ ನಿಮ್ಮನ್ನು ದಾಟಿಯೇ ಹೋಗುತ್ತವೆ. ಯಾರಾದರೂ ಬಂದು ‘ನೀನು ವಧುವಿನ ಕಡೆಯವನಾ?’ ಎಂದರೆ ಹೌದೆನ್ನಿ. ‘ನಾನು ಟಿಕೆಟ್ ತೆಗೆದುಕೊಂಡು ಬಂದವನು’ ಎಂಬ ಉತ್ತರ ಅಲ್ಲಿಗೇ ಎಲ್ಲವನ್ನೂ ಮುಗಿಸುತ್ತದೆ.

ಬ್ರಿಟನ್ನಿನ ಕ್ರಿಸ್‌ಮಸ್ ಕಾಲದ ಪ್ಯಾಂಟೊಮೈಮ್ (ಮೂಕಾಭಿನಯವಲ್ಲ, ಹಾಡು ಹಾಸ್ಯ ತುಂಬಿದ ಕುಟುಂಬದ ನಾಟಕ) ಬಗ್ಗೆಯೂ ಒಂದು ಮಾತು, ಮಕ್ಕಳಿದ್ದರೆ ಅದೇ ಮೇಲು. ಇಡೀ ಸಭೆ ಒಂದೇ ದನಿಯಲ್ಲಿ ‘ನಿನ್ನ ಹಿಂದೆಯೇ ಇದ್ದಾನೆ!’ ಎಂದು ಕೂಗುವಾಗ ಯಾರೂ ಒಂಟಿಯಾಗಿ ಸಿಕ್ಕಿಬೀಳುವುದಿಲ್ಲ. ಕೊನೆಯ ಹೊತ್ತಿಗೆ ಮಕ್ಕಳನ್ನು ಕರೆದು ಹಾಡಿಸುವುದರ ಹಿಂದೆ ಒಂದು ಲೆಕ್ಕವಿದೆ, ಪರದೆಯ ಹಿಂದೆ ಅಂತಿಮ ದೃಶ್ಯದ ರಂಗಸಜ್ಜಿಕೆ ನಡೆಯುತ್ತಿರುತ್ತದೆ.

ಎಲ್ಲಿ ಕೂರಬೇಕು, ಹೇಗೆ ತಪ್ಪಿಸಿಕೊಳ್ಳಬೇಕು

ಸಾಲು ಕುರ್ಚಿಯ ರಂಗಮಂದಿರಗಳಲ್ಲಿ ನಟರು ಕರೆಯುವುದು ಹೆಚ್ಚಾಗಿ ಎರಡರಿಂದ ನಾಲ್ಕನೇ ಸಾಲಿನ, ಓಡಾಡುವ ದಾರಿಗೆ ಅಂಟಿದ ಸೀಟಿನವರನ್ನು. ಸಾಲಿನ ನಡುವಿನವರು ಹತ್ತು ಮೊಣಕಾಲು ದಾಟಿ ಬರುವಷ್ಟರಲ್ಲಿ ಆಟದ ಬಿಸಿ ಆರಿರುತ್ತದೆ. ಕಣ್ಣಿಗೆ ದೀಪ ಹೊಡೆಯುವುದರಿಂದ ಹಿಂದಿನ ಸಾಲುಗಳು ಅವರಿಗೆ ಕಾಣುವುದೂ ಇಲ್ಲ. ಕರೆಸಿಕೊಳ್ಳುವ ಆಸೆಯಿದ್ದರೆ ತುದಿ, ಇಲ್ಲದಿದ್ದರೆ ಆರನೇ ಸಾಲಿನಿಂದಾಚೆ ನಡು. ಅನುಭವಿ ನಟ ಎರಡೂ ಕೈ ಬೀಸುವವನನ್ನು ಬಿಟ್ಟು, ಆರಾಮಾಗಿ ನಗುತ್ತಿರುವವನನ್ನು ಆರಿಸುತ್ತಾನೆ.

ಬೇಡವೆಂದರೆ ಮುಗುಳ್ನಕ್ಕು ಎದೆಯ ಮೇಲೆ ಕೈಯಿಟ್ಟು ಒಮ್ಮೆ ತಲೆಯಾಡಿಸಿ, ಅಷ್ಟೇ. ಕಾರಣ ಹೇಳುತ್ತ ಹೋದರೆ ಆ ಚರ್ಚೆಯೇ ಹಾಸ್ಯವಾಗುತ್ತದೆ. ಪಕ್ಕದವರತ್ತ ಬೆರಳು ತೋರಿಸಿದರೆ ಇಬ್ಬರೂ ಸಿಕ್ಕಿಬೀಳುತ್ತೀರಿ. ಹೋದರೆ ಸಭೆಗೆ ಮುಖ ಮಾಡಿ ನಿಲ್ಲಿ, ಕೇಳಿದ್ದಕ್ಕೆ ನಿಜವಾದ ಚಿಕ್ಕ ಉತ್ತರ ಕೊಡಿ. ‘ಏನು ಕೆಲಸ?’ ಎಂದಾಗ ‘ಲೆಕ್ಕ ಬರೆಯುತ್ತೇನೆ’ ಎಂದರೆ ನಟನಿಗೆ ಹತ್ತು ದಾರಿ ತೆರೆಯುತ್ತದೆ, ‘ಗೂಢಚಾರ’ ಎಂದರೆ ಒಂದೂ ಇಲ್ಲ.

ಗುಂಪಿನಲ್ಲಿ ಒಬ್ಬರಿಗೆ ಹುಮ್ಮಸ್ಸು, ಇನ್ನೊಬ್ಬರಿಗೆ ಅಂಜಿಕೆ ಇದ್ದರೆ ಮತ ಹಾಕುವ ನಾಟಕವನ್ನೇ ಆರಿಸಿ. ಹುಮ್ಮಸ್ಸಿನವರು ಪ್ರಶ್ನೆ ಕೇಳಲಿ, ಅಂಜುವವರು ಕೈ ಎತ್ತಿದರೂ ಎಣಿಕೆಗೆ ಬರುತ್ತದೆ.